ಡಿಸ್ಕೊ ಮೇಷ್ಟ್ರು ತಿದ್ದಿದ ಒಂದು ಪದ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇತಿಹಾಸವೆಂದರೆ ಕೋಟೆ, ಕೆರೆ, ಶಾಸನ ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, ಜನ ಯಾವ ಹಾಡಿಗೆ ಕುಣಿದರು ಎಂಬುದೂ ಇತಿಹಾಸವೇ ಎಂದು ವಾದಿಸಿದವರು ಪ್ರೊ. ಗಂಗಹನುಮಯ್ಯನವರು. ಮೂವತ್ತು ವರ್ಷಗಳ ಅಧ್ಯಾಪನ ಮುಗಿಸಿ ಈ ೨೦೦೮ರಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಶಿಷ್ಯರು ಬೆನ್ನ ಹಿಂದೆ ‘ಡಿಸ್ಕೊ ಮೇಷ್ಟ್ರು’ ಎನ್ನುತ್ತಿದ್ದರು. ಡಿಸ್ಕೊ ಅವರಿಗೆ ಪ್ರಿಯವೆಂದಲ್ಲ. ಅದನ್ನು ಅವರಷ್ಟು ಬೈದವರು ನಾಲ್ಕು ತಾಲ್ಲೂಕುಗಳಲ್ಲಿ ಇನ್ನೊಬ್ಬರಿರಲಿಲ್ಲ. ಪಾಠ ರೋಮ್ ಸಾಮ್ರಾಜ್ಯದ ಪತನದಿಂದ ಶುರುವಾದರೂ ಗಂಟೆ ಹೊಡೆಯುವ ಹೊತ್ತಿಗೆ ಡಿಸ್ಕೊ ದೀಪಗಳ ಕೆಳಗೆ ಬಂದು ನಿಲ್ಲುತ್ತಿತ್ತು.

ಸಾತನೂರಿನ ಬಸ್ಸು ತಪ್ಪಿಸಿಕೊಂಡ ಮಕ್ಕಳಿಗೆ ತಮ್ಮ ಮನೆಯಲ್ಲಿ ಎಲೆ ಹಾಕಿಸಿದವರು, ಬೊಂಬೆ ಮಾಡುವ ಮನೆಯ ಸಫೂರಾಳ ಓದು ಬಿಡಿಸಬಾರದೆಂದು ಅವಳ ತಂದೆಯ ಅಂಗಡಿಯ ಮುಂದೆ ಮೂರು ದಿನ ಕೂತವರು ಇವರೇ. ಅದನ್ನೆಲ್ಲ ಈ ಅಭಿನಂದನ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಗಂಗಹನುಮಯ್ಯನವರು ತಾವಾಗಿಯೇ ಬರೆಯಿರೆಂದು ಹೇಳಿದ್ದು ಇನ್ನೊಂದು ಸಂಗತಿ.

೧೯೮೮ರ ಕಾಲೇಜು ದಿನಾಚರಣೆಯಲ್ಲಿ ಅವರದೇ ತರಗತಿಯ ಕೂಟಗಲ್ಲಿನ ನಟರಾಜು ಮಿಣಮಿಣ ಅಂಗಿ ತೊಟ್ಟು, ಹಣೆಗೆ ಪಟ್ಟಿ ಕಟ್ಟಿ ಡಿಸ್ಕೊ ಕುಣಿದ. ಸಭೆಯೆಲ್ಲ ಎದ್ದು ನಿಂತಿತು. ಗಂಗಹನುಮಯ್ಯನವರು ಎದ್ದು ಹೋದರು. ಓದು ಮುಗಿಸಿ ಹೋಗುವವರ ನಡತೆ ಪತ್ರ ಪ್ರಿನ್ಸಿಪಾಲರ ಸಹಿಗೆ ಹೋಗುವ ಮೊದಲು ‘ನಡತೆ’ ಎಂಬುದರ ಮುಂದಿನ ಪದ ತುಂಬುವುದು ತರಗತಿಯ ಅಧ್ಯಾಪಕರ ಕೆಲಸ. ಎಲ್ಲರಿಗೂ ‘ಉತ್ತಮ’ ಎಂದು ಬರೆದ ಕೈ ನಟರಾಜುವಿಗೆ ‘ತೃಪ್ತಿಕರವಲ್ಲ’ ಎಂದು ಬರೆಯಿತು. ನೀತಿಯನ್ನು ಕಾಪಾಡಿದೆನೆಂಬ ನೆಮ್ಮದಿಯಲ್ಲಿ ಅವರು ಅಂದು ಸುಖವಾಗಿ ನಿದ್ದೆ ಮಾಡಿದರಂತೆ.

೨೦೦೫ರ ಆಯುಧಪೂಜೆಗೆ ಬಿಡದಿಯ ಕಾರ್ಖಾನೆಯೊಂದರ ಕಾರ್ಮಿಕರು ಅವರನ್ನು ಸಂಸ್ಕೃತಿಯ ಕುರಿತು ಮಾತಾಡಲು ಕರೆದರು. ಭಾಷಣಕ್ಕೂ ಮುನ್ನ ಆರ್ಕೆಸ್ಟ್ರಾದವರು ಹಳೆಯ ಡಿಸ್ಕೊ ಹಾಡೊಂದನ್ನು ಎತ್ತಿಕೊಂಡರು. ಶಿಫ್ಟು ಮುಗಿಸಿ ಬಂದವರು ಸಮವಸ್ತ್ರದಲ್ಲೇ ಕುಣಿದರು. ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡಿದ್ದವನೊಬ್ಬ ಬ್ಯಾಂಡೇಜು ಸುತ್ತಿದ ಕೈಯನ್ನು ಯಾರಿಗೂ ತಾಗದಂತೆ ಮೇಲೆತ್ತಿ ಹಿಡಿದು ಕುಣಿಯುತ್ತಿದ್ದ. ಅವನ ಮುಖದ ಖುಷಿ ನೋಡಿದ ಮೇಷ್ಟ್ರಿಗೆ, ಡಿಸ್ಕೊವನ್ನು ಬೈದು ಬರೆದುಕೊಂಡು ಹೋಗಿದ್ದ ಭಾಷಣ ಓದಲಾಗಲಿಲ್ಲ.

ಆಮೇಲೆ ಅವರು ಡಿಸ್ಕೊವಿನ ಚರಿತ್ರೆಯನ್ನು ಮೊದಲ ಸಲ ನಿಜವಾಗಿ ಓದಿದರು. ಅಮೆರಿಕದಲ್ಲಿ ಅದನ್ನು ಮೊದಲು ಕುಣಿದವರು ಕರಿಯರು, ವಲಸಿಗರು, ಬೇರೆಡೆ ಬಾಗಿಲು ಮುಚ್ಚಿಸಿಕೊಂಡವರು. ಅದರ ಗ್ರಾಮಫೋನ್ ತಟ್ಟೆಗಳನ್ನು ಮೈದಾನದಲ್ಲಿ ರಾಶಿ ಹಾಕಿ ಸಿಡಿಸಿ ಕೇಕೆ ಹಾಕಿದವರೂ ಇದ್ದರು. “ಕುಣಿಯಲಾರದವರು ನೆಲ ಡೊಂಕೆಂದರು, ನಾನು ಅದನ್ನೇ ಬರೆದು ಸಹಿಗೆ ಕಳಿಸಿದೆ” ಎಂದು ತಮ್ಮನ್ನೇ ಹಳಿದುಕೊಂಡರು.

ಕಚೇರಿಯಲ್ಲಿ ತಿಂಗಳುಗಟ್ಟಲೆ ಓಡಾಡಿ, ‘ಉತ್ತಮ’ ಎಂದು ಬರೆದ ಹೊಸ ನಡತೆ ಪತ್ರ ಮಾಡಿಸಿಕೊಂಡು ೨೦೦೭ರಲ್ಲಿ ಕೂಟಗಲ್ಲಿಗೆ ಹೋದರು. ನಟರಾಜು ಹಿಪ್ಪುನೇರಳೆ ಸೊಪ್ಪು ಇಳಿಸುತ್ತಿದ್ದ. ಚಾಪೆ ಹಾಸಿ, ಪತ್ರವನ್ನು ಎರಡು ಸಲ ಓದಿದ.

“ಹಳೇದ್ನ ನಾನು ಎಲ್ಲೂ ತೋರುಸ್ಲೇ ಇಲ್ಲ ಸಾ. ಅದ್ನ ಕೇಳೋ ಕೆಲ್ಸಕ್ಕೇ ಹೋಗ್ನಿಲ್ಲ” ಎಂದ. ಪತ್ರ ಮಡಿಸಿ, “ಅದು ಹೋಗ್ಲಿ ಬುಡಿ. ನಮ್ಮವ್ವಂಗೆ ಓದಕ್ ಬರ್ತಿರ್ಲಿಲ್ಲ, ಯಾರೋ ಓದಿ ಹೇಳ್ಬುಟ್ರು. ಬರೀ ಕುಣ್ದೆ ಕಣವ್ವ ಅಂದ್ರೆ ನಂಬ್ಲೇ ಇಲ್ಲ. ‘ಕುಣ್ದಿದ್ಕೆಲ್ಲ ಮೇಷ್ಟ್ರು ಹಿಂಗ್ ಬರೀತಾರಾ? ನೀನೇನೋ ಮಾಡ್ಬಾರದ್ದು ಮಾಡಿದ್ದೀಯ’ ಅಂದ್ಳು. ಸಾಯೋಗಂಟ ಹಂಗೇ ಅನ್ಕಂಡಿದ್ಲು” ಎಂದ.

ತಾಯಿ ಶಿವಲಿಂಗಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮೇಷ್ಟ್ರಿಗೆ ದುಃಖ ಉಕ್ಕಿ ಬಂತು. ಶಿಷ್ಯನೆದುರು ಅದನ್ನು ಮರೆಮಾಡಲಿಲ್ಲ. “ಒಸಿ ಜೋರಾಗಿ ಓದ್ಬುಡಿ ಸಾ, ಅವ್ವ ನಿಮ್ಮಾತು ನಂಬ್ತಿದ್ಲು” ಎಂದು ನಟರಾಜು ಪತ್ರವನ್ನು ಅವರ ಕೈಗಿಟ್ಟು ಗೋಡೆಯ ಮೇಲಿನ ತಾಯಿಯ ಪಟದ ಮುಂದೆ ನಿಂತ. ಗಂಗಹನುಮಯ್ಯನವರು ಚಪ್ಪಲಿ ಬಿಟ್ಟು, ನಿಂತು, ತಡೆತಡೆದು ಓದಿದರು.

ಈ ಗುರುಗಳು ಆರೋಗ್ಯದಿಂದ ನೂರು ಕಾಲ ಬಾಳಲಿ, ನಮ್ಮ ಸೀಮೆಯ ಕುಣಿತದ ಚರಿತ್ರೆ ಅವರ ಕೈಯಿಂದಲೇ ಬರಲಿ ಎಂಬುದು ಅಭಿನಂದನ ಸಮಿತಿಯ ಹಾರೈಕೆ. ಅದನ್ನು ತಿಳಿಸಲು ಹೋದವರಿಗೆ ಅವರು ಕಾಫಿ ಕೊಟ್ಟು ಹೀಗೆಂದರು: “ನೂರು ವರ್ಷ ನನಗ್ಯಾಕಯ್ಯ? ಶಿವಲಿಂಗಮ್ಮನಿಗೆ ಇನ್ನು ಮೂರು ವರ್ಷ ಇದ್ದಿದ್ದರೆ ಸಾಕಾಗಿತ್ತು.”