ಬಾಯಮ್ಮನ ಚುಕ್ಕಿ ಕಾಗದ

ಕಳೆದ ವಾರ ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಕೈಗೆ ಉಜ್ಜಿದ್ದೇ ತಡ, ನನಗೆ ನಗು ಬಂತು. ಸೂಜಿ ಕಂಡು ಮುಖ ತಿರುಗಿಸುವವರನ್ನು ಅವಳು ಬೇಕಾದಷ್ಟು ನೋಡಿರಬಹುದು, ನಗುವವರನ್ನು ನೋಡಿರಲಿಕ್ಕಿಲ್ಲ. "ಎಂತ ಆಯ್ತು ಟೀಚರ್?" ಎಂದಳು. ಏನಿಲ್ಲ ಎಂದೆ. ಹೇಳಲು ಹೊರಟಿದ್ದರೆ ಹೊರಗೆ ಕಾಯುತ್ತಿದ್ದವರೆಲ್ಲ ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನದ ತನಕ ಕೂರಬೇಕಾಗುತ್ತಿತ್ತು. ನನ್ನ ಮಟ್ಟಿಗೆ ಆ ವಾಸನೆ ಆಸ್ಪತ್ರೆಯದಲ್ಲ. ಬೋವಿಕಾನದ ಬಸ್ ಸ್ಟಾಪಿನ ಎದುರಿಗಿದ್ದ ಬಾಯಮ್ಮನ ಜೆರಾಕ್ಸ್ ಅಂಗಡಿಯದು...

ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಾಸರಗೋಡಿನ ಕಡೆ ಬಾಯಮ್ಮ ಎಂದೇ ಕರೆಯುವುದು. ಬಾಯಮ್ಮಂದಿರು ಊರಲ್ಲಿ ಹಲವರಿದ್ದರೂ ಬಸ್ಸಿಳಿದು "ಬಾಯಮ್ಮ ಇದ್ದಾರಾ?" ಎಂದು ಕೇಳಿದರೆ ಎಲ್ಲರೂ ಕೈ ತೋರಿಸುತ್ತಿದ್ದುದು ಆ ಅಂಗಡಿಯತ್ತಲೇ. ಗಂಡ ಇದ್ದಾಗ ಅದು ಟೈಪಿಂಗ್ ಕಲಿಸುವ ಜಾಗವಾಗಿತ್ತಂತೆ. ನಾನು ಕಾಣುವ ಹೊತ್ತಿಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕಪಾಟಿನಷ್ಟು ದೊಡ್ಡ ಜೆರಾಕ್ಸ್ ಮೆಷಿನ್, ಇವುಗಳ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಬಾಯಮ್ಮ. ಪಂಚಾಯತಿನ ಅರ್ಜಿಯನ್ನು ಮಲಯಾಳದಲ್ಲಿ, ಮದುವೆ ಕಾಗದವನ್ನು ಕನ್ನಡದಲ್ಲಿ, ಗಲ್ಫಿಗೆ ಹೋಗುವವರ ಪತ್ರವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದರು. ಬೈಯುವುದು ಮಾತ್ರ ಕೊಂಕಣಿಯಲ್ಲಿ.

ಅವರ ಅಭಿಮಾನವೆಲ್ಲ ಒಂದೇ ವಿಷಯದಲ್ಲಿತ್ತು. ಅವರ ಅಂಗಡಿಯಿಂದ ಹೊರಟ ಪ್ರತಿಯಲ್ಲಿ ಒಂದು ಕಪ್ಪು ಚುಕ್ಕಿಯೂ ಇರಬಾರದು. ಮೆಷಿನಿನ ಗಾಜಿನ ಮೇಲೆ ಧೂಳಿನ ಕಣ ಕೂತರೆ ಕಾಗದದಲ್ಲಿ ಅದು ಚುಕ್ಕಿಯಾಗಿ ಮೂಡುತ್ತದೆ. ಅದಕ್ಕೇ ಮೇಜಿನ ಮೇಲೆ ಸ್ಪಿರಿಟ್ಟಿನ ಬಾಟಲಿ, ಹತ್ತಿಯ ಉಂಡೆ ಸದಾ ಸಿದ್ಧ. ಬಸ್ಸು ಹೊರಟಿತೆಂದು ಗಿರಾಕಿ ಕುಣಿದಾಡಿದರೂ ಗಾಜು ಒರೆಸಿಯೇ ಕೊಡುವುದು.

"ಜಾಗದ ಪತ್ರದಲ್ಲಿ ಒಂದು ಚುಕ್ಕಿ ಬಿದ್ರೆ ಎಂತ ಆಗ್ತದೆ ಗೊತ್ತುಂಟಾ? ಇಪ್ಪತ್ತೈದು ಸೆಂಟ್ಸ್ ಇದ್ದದ್ದು ಎರಡೂವರೆ ಆಗ್ತದೆ. ಮತ್ತೆ ಅಣ್ಣ ತಮ್ಮ ಕೋರ್ಟಿಗೆ ಹೋಗುದು!"

ಇಂಥವರ ಬಳಿಗೆ ನಾನು ಪುಟ ತುಂಬ ಚುಕ್ಕಿ ಬೇಕು ಎಂದು ಹೋದೆ.

ಆಗ ನನಗೆ ಮರೆವು ಶುರುವಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಶಾಲೆಗೆ ಹೋಗಿದ್ದೆ. ತಂಗಿಯ ಮನೆಯ ಪೂಜೆಗೆ ಹೊಸ ಸೀರೆ ಉಟ್ಟು, ಹಣ್ಣು ಹಿಡಿದುಕೊಂಡು, ಸರಿಯಾಗಿ ಒಂದು ದಿನ ತಡವಾಗಿ ಮುಟ್ಟಿದ್ದೆ. ಶಾಲೆಗೆ ಹೊಸತಾಗಿ ಬಂದ ಇಂಗ್ಲಿಷ್ ಟೀಚರ್ ಆಗ ತನ್ನ ದಿನಚರಿ ಪುಸ್ತಕ ತೋರಿಸಿದಳು. ಗೆರೆಗಳಿಲ್ಲ, ಪುಟ ತುಂಬ ಮಸುಕು ಚುಕ್ಕಿಗಳು. ಬೇಕಾದಲ್ಲಿ ಬರೆಯಬಹುದು, ಬೇಕಾದಲ್ಲಿ ಚೌಕ ಎಳೆಯಬಹುದು. ಕುಡಿದ ನೀರಿಗೊಂದು ಗುರುತು, ನಡೆದ ದಿನಕ್ಕೊಂದು ಬಣ್ಣ. ನನಗೂ ಆಸೆಯಾಯಿತು. ಆನ್‌ಲೈನಿನಲ್ಲಿ ತರಿಸಿದ ಪುಸ್ತಕದ ಚುಕ್ಕಿಗಳು ಸಕ್ಕರೆಗೆ ಮುತ್ತಿದ ಇರುವೆಗಳ ಹಾಗಿದ್ದವು. ಶಾಯಿ ಪೆನ್ನಿನಲ್ಲಿ ಬರೆದರೆ ಅಕ್ಷರ ಹಿಂಬದಿಗೂ ಇಳಿಯುತ್ತಿತ್ತು. ಒಳ್ಳೆಯ ಕಾಗದದಲ್ಲಿ ನಾನೇ ಪ್ರಿಂಟ್ ಮಾಡಿಸಿದರಾಯಿತು ಎಂದು ಚುಕ್ಕಿ ಹಾಳೆಯ ಫೈಲೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ.

ಬಾಯಮ್ಮ ಫೈಲ್ ತೆರೆದರು. "ಖಾಲಿ ಉಂಟಲ್ಲ ಟೀಚರೇ," ಎಂದರು. ದೊಡ್ಡದು ಮಾಡಿ ನೋಡಿ ಎಂದೆ. ದೊಡ್ಡದು ಮಾಡಿದರು, ಮುಂದಕ್ಕೆ ಬಾಗಿದರು, ಹತ್ತಿಯ ಉಂಡೆ ತೆಗೆದು ಸ್ಪಿರಿಟ್ಟಿನಲ್ಲಿ ಅದ್ದಿ ಕಂಪ್ಯೂಟರಿನ ಪರದೆಯನ್ನು ಒರೆಸತೊಡಗಿದರು. ಚುಕ್ಕಿ ಹೋಗಲಿಲ್ಲ. ಮತ್ತೂ ಗಟ್ಟಿಯಾಗಿ ಒರೆಸಿದರು.

"ಬಾಯಮ್ಮ, ಅದು ಧೂಳಲ್ಲ. ನನಗೆ ಬೇಕಾದ್ದೇ ಅದು."

ಅವರ ಕೈ ನಿಂತಿತು. "ಸಾಯ್ಬಾ ಭೊಗೋಸ್!" ಎಂದರು. ದೇವರೇ ಕ್ಷಮಿಸು ಎಂದು ಅರ್ಥ. "ಇಷ್ಟು ವರ್ಷ ಚುಕ್ಕಿ ಬರ್ಬಾರ್ದು ಅಂತ ಒರೆಸಿ ಒರೆಸಿ ನನ್ನ ಬೆರಳು ಸವೆದಿದೆ. ಈಗ ನಿಮಗೆ ಚುಕ್ಕಿಯೇ ಬೇಕಾ? ಅಕ್ಷರ ಒಂದೂ ಬೇಡ್ವಾ?"

ಬೇಡ ಎಂದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ರಂಗೋಲಿಗಾ ಎಂದು ಕೇಳಿದರು. ದಿನಚರಿ ಬರೆಯಲು ಎಂದಾಗ, ಚುಕ್ಕಿಯಿಲ್ಲದ ಕಾಗದದಲ್ಲಿ ದಿನ ಹೋಗುವುದಿಲ್ಲವೇ ಎಂದರು. ಆದರೆ ಕೆಲಸ ಹಿಡಿದ ಮೇಲೆ ಬಾಯಮ್ಮ ಬಿಡುವವರಲ್ಲ. ಮೊದಲ ಹಾಳೆಯಲ್ಲಿ ಚುಕ್ಕಿ ತೀರಾ ಕಪ್ಪಾಯಿತು. ಎರಡನೆಯದರಲ್ಲಿ ಎಷ್ಟು ತೆಳುವೆಂದರೆ ಇದೆಯೋ ಇಲ್ಲವೋ ಎಂದು ಇಬ್ಬರೂ ವಾದ ಮಾಡಿದೆವು. ಮೂರನೆಯದನ್ನು ಸ್ಕೇಲಿಟ್ಟು ಅಳೆದರೆ ಐದು ಮಿಲಿಮೀಟರಿನ ಅಂತರ ಕುಗ್ಗಿತ್ತು. ಪ್ರಿಂಟರ್ ತಾನಾಗಿ ಪುಟವನ್ನು ಸಣ್ಣದು ಮಾಡಿತ್ತು. ಅದನ್ನು ಸರಿ ಮಾಡಿದ ಮೇಲೆ ಬಾಯಮ್ಮ ನನ್ನ ಪೆನ್ನು ಕಿತ್ತುಕೊಂಡು, ಎರಡು ಚುಕ್ಕಿ ಸಾಲುಗಳ ನಡುವೆ 'ಲಕ್ಷ್ಮೀ' ಎಂದು ಬರೆದರು. ಒತ್ತಕ್ಷರಗಳು ಇಳಿದು ಕೆಳಗಿನ ಸಾಲಿನಲ್ಲಿ ಕೂತವು.

"ನೋಡಿ, ಇದು ಇಂಗ್ಲಿಷಿನವರ ಅಳತೆ. ಅವರ ಅಕ್ಷರಕ್ಕೆ ಕಾಲಿಲ್ಲ. ನಮ್ಮದಕ್ಕೆ ಕಾಲು ಚಾಚ್ಲಿಕ್ಕೆ ಜಾಗ ಬೇಕು. ಏಳು ಇಡುವ."

ಏಳೇ ಸರಿಯಾಯಿತು. ಆನ್‌ಲೈನಿನಲ್ಲಿ ಇಷ್ಟೊಂದು ಪುಸ್ತಕ ನೋಡಿದ್ದೆ, ಈ ಮಾತನ್ನು ಯಾರೂ ಹೇಳಿರಲಿಲ್ಲ. ಕಾಗದವನ್ನೂ ಅವರೇ ಆರಿಸಿದರು. ನಾಲ್ಕು ಬಗೆಯ ಹಾಳೆಯಲ್ಲಿ ಶಾಯಿಯಿಂದ ಒಂದೊಂದು ಗೆರೆ ಎಳೆದು, ಮಗುಚಿ, ಬೆಳಕಿಗೆ ಹಿಡಿದು ನೋಡಿ, ನಾಲ್ಕನೆಯದನ್ನು ಕೆನ್ನೆಗೆ ಒತ್ತಿಕೊಂಡು "ಇದು" ಎಂದರು. ಆ ಮಧ್ಯಾಹ್ನ ಬಂದ ಗಿರಾಕಿಗಳಿಗೆಲ್ಲ "ಸ್ವಲ್ಪ ನಿಲ್ಲಿ, ಚುಕ್ಕಿ ಹಾಕ್ತಾ ಇದ್ದೇವೆ" ಎಂಬ ಉತ್ತರ.

ಉಳಿದ ಚುಕ್ಕಿ ಹಾಳೆಗಳು ಪ್ರಿಂಟರಿನ ಟ್ರೇಯಲ್ಲೇ ಬಾಕಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಶಾಲೆಯ ಆರನೇ ತರಗತಿಯ ಪ್ರಶ್ನೆಪತ್ರಿಕೆ ಅವುಗಳ ಮೇಲೆಯೇ ಅಚ್ಚಾಗಿ ಬಂತು. ಮಕ್ಕಳು ಉತ್ತರ ಬರೆಯುವುದು ಬಿಟ್ಟು ಚುಕ್ಕಿ ಸೇರಿಸಿದರು. ಮೀನು, ಆನೆ, ದೋಣಿ, ಮತ್ತು ಹೆಡ್‌ಮಾಸ್ಟರನ್ನು ತುಂಬಾ ಹೋಲುವ ಒಂದು ಮುಖ. ಅವರು ಕರೆಸಿ ಕೇಳಿದಾಗ ನಾನು ಚಿತ್ರಕಲೆಯ ಮಹತ್ವದ ಬಗ್ಗೆ ಏನೋ ಹೇಳಿ ಪಾರಾದೆ.

ಚುಕ್ಕಿಯ ಪುಟಗಳಾದ ಮೇಲೆ ತಿಂಗಳ ಲೆಕ್ಕಕ್ಕೆಂದು ಕೆಲವು ಚೌಕುಳಿ ಹಾಳೆ ಬೇಕಿತ್ತು. ಅಡ್ಡ ಗೆರೆ, ಉದ್ದ ಗೆರೆ, ಅಷ್ಟೆ. ಸುಲಭದ ಕೆಲಸ ಎಂದುಕೊಂಡಿದ್ದೆ. ಮೊದಲ ಹಾಳೆ ಹೊರಬಂದಾಗಲೇ ಬಾಯಮ್ಮ ಮುಖ ಹುಳ್ಳಗೆ ಮಾಡಿದರು.

"ಛೆ, ನಡುವಿನಲ್ಲಿ ಬಾಗಿದೆ. ಗೆರೆಗೆ ಸೊಂಟ ಮುರಿದ ಹಾಗೆ ಉಂಟು."

ನನಗೆ ನೇರವಾಗಿಯೇ ಕಂಡಿತು. ಸ್ಕೇಲ್ ಇಟ್ಟು ತೋರಿಸಿದೆ. ಅವರು ಸ್ಕೇಲನ್ನೇ ಎತ್ತಿ ನೋಡಿ "ಇದೂ ಬಾಗಿದೆ, ಪ್ಲಾಸ್ಟಿಕ್ಕಲ್ವಾ" ಎಂದರು. ಡ್ರಾಯರಿನಿಂದ ಗಂಡನ ಕಾಲದ ಸ್ಟೀಲ್ ಸ್ಕೇಲ್ ತೆಗೆದರು. ಅದೂ ಬಾಗಿತ್ತು. ಬಿಸಿಲಿಗೆ ಎಂದರು.

ಕಾಸರಗೋಡಿನಿಂದ ಮೆಕ್ಯಾನಿಕ್ ಬಂದ. ಮೆಷಿನನ್ನು ಬಿಚ್ಚಿ ಜೋಡಿಸಿ, ಸರಿಯಾಗಿದೆ ಎಂದ. ಬಾಯಮ್ಮ ಒಪ್ಪಲಿಲ್ಲ. ಎರಡನೇ ಸಲ ಬಂದ. ಮೂರನೇ ಸಲ ಬಂದವನು ನನ್ನನ್ನು ಹೊರಗೆ ಕರೆದು, "ಟೀಚರೇ, ನೀವಾದ್ರೂ ಹೇಳಿ ಮಾರಾಯ್ರೆ. ಗೆರೆ ಇದಕ್ಕಿಂತ ನೇರ ಮಾಡ್ಲಿಕ್ಕೆ ನನಗೆ ಗೊತ್ತಿಲ್ಲ," ಎಂದು ಕೈಮುಗಿದ. ಒಳಗೆ ಬಾಯಮ್ಮ ಚೌಕುಳಿ ಹಾಳೆಗಳನ್ನು ಒಂದೊಂದಾಗಿ ಹರಿಯುತ್ತಿದ್ದರು.

ಇನ್ನೊಂದು ದಿನ ನಾನು ಹೋದಾಗ ಅವರು ಬಾಗಿಲಲ್ಲಿ ನಿಂತು ರಸ್ತೆಯಾಚೆ ನೋಡುತ್ತಿದ್ದರು. "ಆ ಕರೆಂಟ್ ಕಂಬ ಯಾವಾಗ ಬಾಗಿದ್ದು? ಯಾರ ತಲೆ ಮೇಲೆ ಬೀಳ್ತದೋ..." ಎಂದರು. ನಾನು ತಿರುಗಿ ನೋಡಿದೆ. ಕಂಬ ನೆಟ್ಟಗೆ ನಿಂತಿತ್ತು. ಅಲ್ಲಿಯವರೆಗೆ ನಗುತ್ತಿದ್ದ ನಾನು ನಗು ನಿಲ್ಲಿಸಿದೆ. ಬಾಯಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಅದರ ಮೇಲೆ ಎರಡು ಹೊತ್ತು ಸಿಹಿ ಚಹಾವೂ ಇತ್ತು.

ಚೌಕುಳಿ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಒಂದು ಕಣ್ಣು ಮುಚ್ಚಿ ನೋಡಿ ಎಂದೆ. ಬಲಗಣ್ಣು ಮುಚ್ಚಿದರೆ ಗೆರೆ ನೇರ. ಎಡಗಣ್ಣು ಮುಚ್ಚಿದರೆ ಸೊಂಟ ಮುರಿಯಿತು. ಬಾಯಮ್ಮ ಆ ಕಣ್ಣು ಈ ಕಣ್ಣು ಎಂದು ಬದಲಿಸಿ ಬದಲಿಸಿ ನೋಡಿ, "ಇದೆಂತ ಕಥೆ! ಒಂದು ಕಣ್ಣಿಗೆ ಪ್ರಿಂಟರ್ ಸರಿ ಉಂಟು, ಒಂದು ಕಣ್ಣಿಗೆ ಹಾಳಾಗಿದೆ," ಎಂದರು.

ಡಾಕ್ಟರ ಹತ್ತಿರ ಹೋಗುವ ಎಂದರೆ ಕೇಳಲಿಲ್ಲ. ಮದುವೆ ಕಾಗದದ ಕೆಲಸ ಉಂಟು, ಇಗರ್ಜಿಯ ಪ್ರಾರ್ಥನೆ ಪುಸ್ತಕ ಉಂಟು, ಅದೆಲ್ಲ ಮುಗಿದು ನೋಡುವ, ಕಣ್ಣು ಎಲ್ಲಿಗೆ ಓಡಿ ಹೋಗ್ತದೆ ಎಂದರು. ಎರಡು ವಾರ ಹೀಗೇ ಆಯಿತು. ಕೊನೆಗೆ ನಾನು ಮಾಡಿದ್ದು ಮೋಸವೇ. ಯಾರದೋ ಜಾಗದ ಪತ್ರದ ಬಿಸಿ ಬಿಸಿ ಪ್ರತಿ ಮೇಜಿನ ಮೇಲಿತ್ತು. ಅವರು ಹಿಂದೆ ತಿರುಗಿದಾಗ ಪೆನ್ನಿನಿಂದ ಇಪ್ಪತ್ತೈದರ ನಡುವೆ ಒಂದು ಸಣ್ಣ ಚುಕ್ಕಿ ಇಟ್ಟೆ. "ಬಾಯಮ್ಮ, ಇದನ್ನು ಬಲಗಣ್ಣಿನಿಂದ ಮಾತ್ರ ನೋಡಿ. ಸರಿ ಉಂಟಾ?" ಎಂದೆ.

ನೋಡಿದರು. "ಕ್ಲೀನ್ ಉಂಟು," ಎಂದರು.

"ಈಗ ಎಡಗಣ್ಣಿನಿಂದ."

ತುಂಬ ಹೊತ್ತು ನೋಡಿದರು. ಆಮೇಲೆ ಆ ಪ್ರತಿಯನ್ನು ನಾಲ್ಕಾಗಿ ಹರಿದು ಹಾಕಿ, ಗಾಜು ಒರೆಸಿ, ಹೊಸ ಪ್ರತಿ ತೆಗೆದು, ನನ್ನ ಕೈಗೆ ಕೊಟ್ಟು "ಚುಕ್ಕಿ ಉಂಟಾ ನೋಡಿ" ಎಂದರು. ಇಲ್ಲ ಎಂದೆ. ಶಟರ್ ಎಳೆದರು.

ಡಾಕ್ಟರ ಹತ್ತಿರ ಹೋಗಲು ಹತ್ತಿದ ಮಂಗಳೂರಿನ ಬಸ್ಸಿನಲ್ಲಿ, ಸೇತುವೆ ದಾಟುವಾಗ, ನಾನು ಸತ್ಯ ಹೇಳಿದೆ. ಬಾಯಮ್ಮ ಕೊಡೆಯಿಂದ ನನ್ನ ಮೊಣಕಾಲಿಗೆ ಒಂದು ಕೊಟ್ಟರು. "ಟೀಚರಾಗಿ ಸುಳ್ಳು ಚುಕ್ಕಿ ಹಾಕ್ತೀರಾ!" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. ಆದರೆ ಇಳಿಯಲಿಲ್ಲ.

ಕಣ್ಣಿನ ಡಾಕ್ಟರು ಪರೀಕ್ಷೆಗೆಂದು ಒಂದು ಕಾರ್ಡು ಕೊಟ್ಟರು. ನೋಡಿದರೆ ಚೌಕುಳಿ! ನಡುವೆ ಒಂದು ಚುಕ್ಕಿ. ಬಾಯಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಇದನ್ನು ಎಲ್ಲಿ ಪ್ರಿಂಟ್ ಮಾಡಿಸಿದ್ದು ಡಾಕ್ಟ್ರೇ? ಮೂಲೆಯಲ್ಲಿ ಕಲೆ ಉಂಟು. ಗಾಜು ಒರೆಸ್ಲಿಲ್ಲ ಅವರು," ಎಂದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ವಿವರಿಸಿದರು. ಸಕ್ಕರೆ ಕಾಯಿಲೆಯಿಂದ ಬಲಗಣ್ಣಿನ ಹಿಂಭಾಗದ ಪರದೆಯಲ್ಲಿ ನೀರು ತುಂಬಿ ಊದಿದೆ. ಅದಕ್ಕೇ ನೇರವಾದದ್ದು ಡೊಂಕಾಗಿ ಕಾಣುವುದು. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಹಲವು ಸಲ ಬರಬೇಕು. ಇನ್ನೂ ತಡ ಮಾಡಿದ್ದರೆ ಆ ಕಣ್ಣನ್ನು ಬಿಟ್ಟೇಬಿಡಬೇಕಾಗಿತ್ತು.

ಊರಿಗೆ ಬಂದವರೇ ಮೆಕ್ಯಾನಿಕ್‌ನನ್ನು ಕರೆಸಿದರು. ಮತ್ತೆ ಬೈಗುಳ ಎಂದು ಹೆದರುತ್ತಲೇ ಬಂದ ಅವನಿಗೆ ಒಂದು ಪಾತ್ರೆ ಇಡ್ಲಿಯಂಥ ಸನ್ನಾ, ಅದಕ್ಕೆ ನೆಂಜಿಕೊಳ್ಳಲು ಕೋಳಿ ಪದಾರ್ಥ ಕೊಟ್ಟು, "ಮೆಷಿನ್ ಸರಿ ಉಂಟು. ನಾನೇ ರಿಪೇರಿಗೆ ಹೋಗಿದ್ದೆ," ಎಂದರು. ಅಂಗಡಿಯ ಗೋಡೆಗೆ ದೊಡ್ಡದೊಂದು ಚೌಕುಳಿ ಹಾಳೆ ಬಂತು. ನಲುವತ್ತು ದಾಟಿದ ಗಿರಾಕಿಗಳು ಪ್ರತಿ ಬೇಕಾದರೆ ಮೊದಲು ಒಂದೊಂದು ಕಣ್ಣು ಮುಚ್ಚಿ ಅದನ್ನು ನೋಡಬೇಕು. ಬಸ್ ಸ್ಟಾಪಿನಲ್ಲಿ ನಿಂತವರಿಗೆ, ಬೋವಿಕಾನದ ಗಂಡಸರೆಲ್ಲ ಬಾಯಮ್ಮನಿಗೆ ಕಣ್ಣು ಹೊಡೆಯುತ್ತಿರುವ ಹಾಗೆ ಕಾಣುತ್ತಿತ್ತು. ಆದರೆ ಅವರ ಕಾಯಿಲೆ ಇನ್ನೊಬ್ಬರಲ್ಲಿ ಸಿಗಲೇ ಇಲ್ಲ. "ಎಲ್ಲರಿಗೂ ನೇರವೇ ಕಾಣ್ತದಂತೆ ಟೀಚರೇ," ಎಂದು ಸ್ವಲ್ಪ ಬೇಸರದಲ್ಲೇ ಹೇಳುತ್ತಿದ್ದರು.

ನನ್ನ ಚುಕ್ಕಿ ಪುಸ್ತಕವನ್ನು ಅವರೇ ಹೊಲಿದು, ರಟ್ಟು ಹಾಕಿ ಕೊಟ್ಟರು. ನೀರು ಕುಡಿದದ್ದನ್ನು, ನಡೆದದ್ದನ್ನು ನಾನು ಹದಿನೈದು ದಿನ ಗುರುತು ಹಾಕಿದೆ. ಆಮೇಲೆ ಅದರ ತುಂಬ ಬಾಯಮ್ಮನ ಇಂಜೆಕ್ಷನ್ನಿನ ದಿನಗಳು, ಬಸ್ಸಿನ ಹೊತ್ತು, ಡಾಕ್ಟರು ಹೇಳಿದ್ದು, ಬಾಯಮ್ಮ ಡಾಕ್ಟರಿಗೆ ಹೇಳಿದ್ದು. ಪ್ರತಿ ಸಲವೂ ನಾನು ಜೊತೆಗೆ ಹೋಗುತ್ತಿದ್ದೆ. ಬಲಗಣ್ಣಿನ ಗೆರೆ ಪೂರ್ತಿ ನೇರವಾಗಲಿಲ್ಲ, ಇನ್ನಷ್ಟು ಬಾಗಲೂ ಇಲ್ಲ. ಅಷ್ಟು ದೃಷ್ಟಿಯಲ್ಲೇ ಅವರು ನಾಲ್ಕು ವರ್ಷ ಅಂಗಡಿ ನಡೆಸಿದರು. ಹೋದ ವರ್ಷ ಈಸ್ಟರ್ ಕಳೆದ ವಾರ, ಬೆಳಿಗ್ಗೆ ಚಹಾ ಕುಡಿದು ಎದ್ದವರು ಹಾಗೇ ಕುಸಿದರಂತೆ. ಹೃದಯ ನಿಂತಿತು ಎಂದರು. ನಾವೆಲ್ಲ ಕಣ್ಣಿನ ಮೇಲೆಯೇ ಕಣ್ಣಿಟ್ಟಿದ್ದೆವು...

ಮೊನ್ನೆ ನನ್ನ ರಕ್ತದ ವರದಿ ಬಂತು. ನನಗೂ ಸಕ್ಕರೆ. ಕಣ್ಣನ್ನು ಒಮ್ಮೆ ತೋರಿಸಿಬಿಡಿ ಎಂದರು ಇಲ್ಲಿಯ ಡಾಕ್ಟರು. ಮಂಗಳೂರಿಗೆ ಫೋನ್ ಮಾಡಿ ಶನಿವಾರಕ್ಕೆ ಸಮಯ ತೆಗೆದುಕೊಂಡೆ. "ಕಣ್ಣಿಗೆ ಮದ್ದು ಬಿಡ್ತೇವೆ, ವಾಪಸ್ ಹೋಗುವಾಗ ಸರಿ ಕಾಣುದಿಲ್ಲ. ಜೊತೆಗೆ ಯಾರಾದ್ರೂ ಇದ್ದಾರಾ?" ಎಂದು ಅಲ್ಲಿಯ ನರ್ಸ್ ಕೇಳಿದಳು. "ಇದ್ದಾರೆ, ಬಾಯಮ್ಮ ಬರ್ತಾರೆ," ಎಂದುಬಿಟ್ಟೆ. ತಂಗಿಗೆ ಹೇಳಿದ್ದೇನೆ, ಬರುತ್ತೇನೆಂದಿದ್ದಾಳೆ. ಒಳ್ಳೆಯವಳು. ಆದರೆ ಬಸ್ಸು ಹತ್ತಿದ ಕೂಡಲೇ ನಿದ್ದೆ ಮಾಡುತ್ತಾಳೆ.