ಅಪ್ಪನ ಹಳ್ಳದ ಅಗಲ

ಗಾತ್ರವನ್ನು ಕೈಯಲ್ಲಿ ತೋರಿಸುವ ಜನರನ್ನು ನೀವು ಗಮನಿಸಿರಬಹುದು. ಹಲಸಿನ ಹಣ್ಣಾಗಲಿ, ಹಾವಾಗಲಿ, ಅಳಿಯನಿಗೆ ಕೊಟ್ಟ ಹಿತ್ತಾಳೆ ಹಂಡೆಯಾಗಲಿ, ನಾಲಿಗೆ ಅದರ ಹೆಸರು ಹೇಳುವ ಮೊದಲೇ ಎರಡು ಕೈಗಳೂ ಗಾಳಿಯಲ್ಲಿ ಅಗಲವಾಗಿರುತ್ತವೆ. ನನ್ನ ಅಪ್ಪ ಈ ಹಸ್ತಮುದ್ರಾಶಾಸ್ತ್ರದಲ್ಲಿ ಪಾರಂಗತರು. ಕಳಸದ ಹತ್ತಿರದ ಸಂಸೆ ಎಂಬ ಅವರ ಹುಟ್ಟೂರು ಆ ಎರಡು ಅಂಗೈಗಳ ನಡುವೆ ಇಡಿಯಾಗಿ ಹಿಡಿಸುತ್ತಿತ್ತು. ಮೇಷ್ಟರ ಕೆಲಸ ಸಿಕ್ಕಿ ಚಿತ್ರದುರ್ಗದ ಬಯಲಿಗೆ ಬಂದ ಮೇಲೆ ಅವರು ಅತ್ತ ಹೋದವರೇ ಅಲ್ಲ. ಹೋಗೋಣವೆಂದರೆ ಅಲ್ಲಿ ಮನೆಯೂ ಉಳಿದಿರಲಿಲ್ಲ, ನೆಂಟರೂ ಇರಲಿಲ್ಲ. ಉಳಿದದ್ದು ವರ್ಣನೆ ಮಾತ್ರ.

ಬಯಲುಸೀಮೆಯಲ್ಲೇ ಹುಟ್ಟಿ ಬೆಳೆದ ಅಮ್ಮ ಇದಕ್ಕೊಂದು ಪ್ರತ್ಯಸ್ತ್ರ ಕಂಡುಕೊಂಡಿದ್ದಳು: ಅರ್ಧ ಮಾಡುವುದು. ಅಪ್ಪ ತೋರಿಸಿದ್ದನ್ನು ಮನಸ್ಸಿನಲ್ಲೇ ಎರಡು ಹೋಳು ಮಾಡಿ, ಒಂದನ್ನು ಎಸೆದು, "ಇರಬಹುದು ಬಿಡಿ" ಎನ್ನುವಳು. ನಮ್ಮ ಮನೆಯಲ್ಲಿ ಯಾರ ಉತ್ಪ್ರೇಕ್ಷೆಗಾದರೂ 'ಸಂಸೆ ಲೆಕ್ಕ' ಎಂದೇ ಹೆಸರು. ಅರ್ಧವೂ ದಕ್ಕದೆ ಪೂರ್ತಿ ತಿರಸ್ಕೃತವಾದದ್ದು ಒಂದೇ, ಅದು ಅಪ್ಪನ ಹಳ್ಳ. ಶಾಲೆಗೆ ಹೋಗುವ ದಾರಿಯಲ್ಲಿದ್ದ ಆ ಹಳ್ಳಕ್ಕೆ ಅಡಿಕೆ ಮರ ಜೋಡಿಸಿದ ಸಂಕವೊಂದೇ ಸೇತುವೆ. ಕೆಳಗೆ ಭೋರ್ಗರೆಯುವ ನೀರು. ಆಚೆ ದಡದವರು ಕೂಗಿದರೆ ಈಚೆ ಕೇಳದು! "ಕಾವೇರಿ ಇರಬೇಕು" ಎಂದು ಅಮ್ಮ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದರು, ಆದರೆ ಸ್ವಲ್ಪ ತಡವಾಗಿ.

ತೊಂಬತ್ತರ ದಶಕದ ಕೊನೆಗೆ ನಾನೊಂದು ಹಳೆಯ ಮಾರುತಿ ಕಾರು ಕೊಂಡಾಗ ಅಪ್ಪ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದ್ದು ಇಷ್ಟೇ: "ಒಂದ್ಸಲ ನಿಮ್ಮಮ್ಮಂಗೆ ಆ ಹಳ್ಳ ತೋರಿಸ್ಬಿಡು ಮಾರಾಯ. ಆಮೇಲೆ ನಾನು ಊರಿನ ಸುದ್ದಿನೇ ಎತ್ತಲ್ಲ." ಡಿಸೆಂಬರಿನಲ್ಲಿ ನಾವು ಮೂವರೂ ಹೊರಟೆವು.

ಬಯಲಿನ ನೇರ ರಸ್ತೆಯಲ್ಲಿ ಚಾಲನಾಪಾಂಡಿತ್ಯ ಸಂಪಾದಿಸಿದ ನಾನು, ಚಿಕ್ಕಮಗಳೂರು ದಾಟಿದ ಮೇಲೆ ಪ್ರತಿ ತಿರುವಿಗೂ ಕುಲದೇವರನ್ನು ನೆನೆಯುತ್ತ, ಹಿಂದೆ ಬಂದ ಎಸ್ಟೇಟ್ ಜೀಪುಗಳಿಗೆಲ್ಲ ವಿನಯದಿಂದ ದಾರಿ ಬಿಡುತ್ತ ಸಾಗಿದೆ. ಮೂಡಿಗೆರೆಯಿಂದಾಚೆ ಅಮ್ಮನ ಗಣಿತಕ್ಕೆ ಕಷ್ಟಕಾಲ ಬಂತು. ಕೊಟ್ಟಿಗೆಹಾರದಲ್ಲಿ ಮಂಜು ಹೋಟೆಲಿನೊಳಗೇ ಬಂದು ಕೂರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜಕ್ಕೂ ಬಂತು, ಕಾಫಿಯ ಹಬೆಯನ್ನೂ ಜೊತೆಗೆ ಸೇರಿಸಿಕೊಂಡು ಎದುರಿಗೆ ಕುಳಿತಿದ್ದ ಅಪ್ಪನನ್ನೇ ಮಸುಕು ಮಾಡಿತು. ಹೊರನಾಡಿನಲ್ಲಿ ಬಂದವರಿಗೆಲ್ಲ ಊಟ ಎಂದಿದ್ದರು. ಪಂಕ್ತಿಯಲ್ಲಿ ಕುಳಿತ ಅಮ್ಮ ಎರಡನೆಯ ಸಲ ಪಾಯಸ ಹಾಕಿಸಿಕೊಂಡಳು. ರಸ್ತೆಯ ಎರಡೂ ಬದಿಗೆ ಹಣ್ಣಾದ ಕಾಫಿ ಕೆಂಪಗೆ ಗೊಂಚಲುಗಟ್ಟಿತ್ತು, ಕಣಗಳಲ್ಲಿ ಹರವಿದ ಹಣ್ಣಿನ ಹುಳಿಸಿಹಿ ಘಮಲು ಕಾರಿನೊಳಗೂ ಬಂತು. ಒಂದು ತಿರುವಿನಲ್ಲಿ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೂ ನೀಲಿಯಾದದ್ದೊಂದು, ಹೀಗೆ ಆಕಾಶದವರೆಗೂ ಬೆಟ್ಟಗಳೇ ಎದ್ದಾಗ ಅಮ್ಮ ಮೆಲ್ಲಗೆ, "ಇದನ್ನ ಹೆಂಗ್ರೀ ಅರ್ಧ ಮಾಡೋದು?" ಎಂದಳು. ಇಂಥ ಊರಿನವರ ಮಗನಾಗಿದ್ದೂ ನಾನು ಇಷ್ಟು ವರ್ಷ ಇದನ್ನು ತಮಾಷೆ ಎಂದುಕೊಂಡಿದ್ದೆನಲ್ಲ!

ಸಂಸೆಯಲ್ಲಿ ಕಾರು ನಿಲ್ಲಿಸಿ, ಅಪ್ಪನ ಹಿಂದೆ ತೋಟದ ಕಾಲುದಾರಿಯಲ್ಲಿ ಇಳಿದೆವು. ಅಪ್ಪನ ನಡಿಗೆಗೆ ವಿಜಯಯಾತ್ರೆಯ ವೇಗ ಬಂದಿತ್ತು. ಸಂಕ ಕಂಡಿತು. ಹಳ್ಳ ಮಾತ್ರ, ಹೇಗೆ ಹೇಳಲಿ, ಪಂಚೆ ಎತ್ತಿ ಕಟ್ಟದೆಯೂ ದಾಟಬಹುದಾದಷ್ಟಿತ್ತು. ಅಪ್ಪ ಆಚೀಚೆ ನೋಡಿದರು. ಪಕ್ಕದಲ್ಲಿ ಕಾಫಿ ಕುಯ್ಯುತ್ತಿದ್ದ ಹೆಂಗಸನ್ನು, "ಶಾಲೆಗೆ ಹೋಗೋ ಹಳ್ಳ ಯಾವುದಮ್ಮ?" ಎಂದು ಕೇಳಿದರು.

"ಇದೇ ಮಾರಾಯ್ರೆ. ಇಲ್ಲಿ ಬೇರೆ ಹಳ್ಳ ಎಲ್ಲಿದೆ?"

"ಮಳೆಗಾಲದಲ್ಲಿ ಜೋರು ಬರತ್ತಲ್ವಾ?" ಅಪ್ಪನ ದನಿಯಲ್ಲಿ ಬೇಡಿಕೆಯಿತ್ತು.

"ಬರತ್ತಪ್ಪ. ಮಂಡಿ ತನಕ ಬರತ್ತೆ" ಎಂದು ಆಕೆ ಸತ್ಯವನ್ನೇ ನುಡಿದು ಮತ್ತೆ ಗಿಡದತ್ತ ತಿರುಗಿದಳು.

ಅಪ್ಪನ ಕೈಗಳು ಎಂದೂ ಹಾಗೆ ಜೋತು ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಯಾರ ಮಂಡಿ ಎಂಬುದು ನನಗೆ ಆಗಲೇ ಹೊಳೆಯಿತು. ದೊಡ್ಡವರ ಮಂಡಿಯುದ್ದದ ನೀರು ಒಂದನೇ ಕ್ಲಾಸಿನ ಹುಡುಗನಿಗೆ ಎಲ್ಲಿಗೆ ಬಂದೀತು! ಆದರೆ ಅದನ್ನು ಹೇಳಿದರೆ ಸಮಾಧಾನವಾದೀತೇ ಹೊರತು ಗೆಲುವಾಗದು. ನಾನು ಅಮ್ಮನ "ಇರಬಹುದು ಬಿಡಿ"ಗಾಗಿ ಹೆದರುತ್ತ ಕಾದೆ.

ಅಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಅಟ್ಟದ ಏಣಿಯನ್ನು ಸರಸರ ಹತ್ತುವವಳು, ಬಚ್ಚಲಿಗೆ ಬಂದ ಹಾವನ್ನು ಒಬ್ಬಳೇ ಓಡಿಸಿದವಳು, ಸಂಕದ ತುದಿಯಲ್ಲಿ ನಿಂತು, "ರೀ, ಕೈ ಹಿಡ್ಕೊಳ್ಳಿ. ನಂಗೆ ಭಯ ಆಗುತ್ತೆ" ಎಂದಳು. ಅಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈ ಹಿಡಿದು, "ಕೆಳಗೆ ನೋಡ್ಬೇಡ ಕಣೇ, ನನ್ನ ಹಿಂದೇನೇ ಬಾ" ಎನ್ನುತ್ತ ದಾಟಿಸಿದರು. ಈಚೆ ದಡದಲ್ಲಿ ನಿಂತ ನಾನು ಸುಮ್ಮನೆ ಕಣ್ಣೊರೆಸಿಕೊಂಡೆ.

ಊರಿಗೆ ಮರಳಿದ ಮಾರನೆಯ ದಿನ ಪ್ರವಾಸದ ವರದಿಗೆಂದು ಎದುರುಮನೆಯ ಸರೋಜಮ್ಮ ಬಂದರು.

"ಹಳ್ಳ ಅಂದ್ರೆ ಏನಂದ್ಕೊಂಡಿದ್ದೀರಿ ಸರೋಜಮ್ಮ? ಕೆಳಗೆ ನೋಡಿದ್ರೆ ತಲೆ ತಿರುಗುತ್ತೆ! ಇವರು ಪುಟ್ಟ ಹುಡುಗ ಆಗಿದ್ದಾಗ ದಿನಾ ಅದನ್ನ ದಾಟ್ಕೊಂಡು ಹೋಗ್ತಿದ್ರಂತೆ!" ಎಂದ ಅಮ್ಮನ ಎರಡು ಕೈಗಳೂ ಅಗಲವಾದವು, ಇನ್ನೂ ಅಗಲವಾಗಿ, ಒಂದು ಕೈ ಹೋಗಿ ಕಿಟಕಿಯ ಸರಳಿಗೆ ತಗುಲಿತು.

ಪೇಪರ್ ಓದುತ್ತಿದ್ದ ಅಪ್ಪ ಸಂಕೋಚದಿಂದ ತಲೆಯೆತ್ತಿದರು. "ಅಷ್ಟೇನಿಲ್ಲಮ್ಮ. ಅರ್ಧ ಮಾಡ್ಕೊಳ್ಳಿ."

"ನೀವು ಸುಮ್ನಿರಿ" ಎಂದಳು ಅಮ್ಮ, ಕೈ ಇಳಿಸದೆ. "ನಾನು ಕಣ್ಣಾರೆ ನೋಡ್ಕೊಂಡು ಬಂದಿದ್ದೀನಿ."