ಮುಗಿಲು ಕೇಳುತ್ತಿದ್ದ ಮಾಸ್ತರರು

ಚಿತ್ರಕಲೆಯ ದಸ್ತಗೀರ ಮಾಸ್ತರರು ತರಗತಿಗೆ ಬಂದವರೇ ಕಿಟಕಿಗೆ ಬೆನ್ನು ಮಾಡಿ ನಿಂತು ನನ್ನನ್ನು ಕೇಳುತ್ತಿದ್ದರು: "ಶಾಂತಾ, ಇವತ್ತ ಮುಗಲ ಹೆಂಗೈತಿ?"

ನಾನು ಹೇಳಿದ ಹವೆಗೆ ತಕ್ಕ ಕತೆ ಬರುತ್ತಿತ್ತು. ಗಾಳಿಯೆಂದರೆ, ಗಾಳಿಯನ್ನು ಚೀಲದಲ್ಲಿ ಕಟ್ಟಿಟ್ಟ ಯಾವುದೋ ದ್ವೀಪದ ಮುದುಕಿ. ಬಿಸಿಲೆಂದರೆ, ಸೂರ್ಯನಿಗೆ ಬಲೆ ಬೀಸಿದ ಮೀನುಗಾರರು. ಕತೆ ಮುಗಿದ ಮೇಲೆ ನಾವು ಅದರ ಚಿತ್ರ ಬರೆಯಬೇಕು. ಅವರದು ಒಂದೇ ಕರಾರು: "ಮೊದಲ ಹವಾ ಬರೀರಿ. ಮಂದಿ ಆಮ್ಯಾಲೆ. ಮಂದೀಗೆ ಏನವಸರ?"

ಒಮ್ಮೆ, ಮಂಜಿನಲ್ಲಿ ಅಡಗಿ ದಾರಿಹೋಕರನ್ನು ನುಂಗುವ ರಾಕ್ಷಸನ ಕತೆ ಹೇಳಿದರು. ನಾವು ಬ್ಯಾಡಗಿಯ ಮಕ್ಕಳು; ಕಣ್ಣಿಗೆ ಕವಿಯುವುದೆಂದರೆ ನಮಗೆ ಮೆಣಸಿನಕಾಯಿ ಪೇಟೆಯ ಧೂಳೇ. ಅರ್ಧ ತರಗತಿ ಮಂಜಿಗೆ ಕೆಂಪು ಬಳಿದಿತ್ತು.

"ಸರ್ರ, ಇವರೆಲ್ಲಾ ಮಂಜಿಗೆ ಖಾರಾ ಹಾಕ್ಯಾರ್ರಿ!" ಎಂದು ನನ್ನ ಪಕ್ಕದ ಗಿರಿಜಾ ಕೂಗಿದಳು.

ಮಾಸ್ತರರು ಹಾಳೆಯನ್ನು ಮೂಗಿಗೆ ತಗಲುವಂತೆ ಹಿಡಿದು ನೋಡಿ ನಕ್ಕರು. "ಹಂಗಾದ್ರ ಆ ರಾಕ್ಷಸ ನಮ್ಮೂರಾಗ ಸೀನಿ ಸೀನೇ ಸಾಯ್ತಾನ ಬಿಡು."

ಅಂದೇ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ನಂಗ ಕಿಡಕ್ಯಾಗಿಂದು ಏನೂ ಕಾಣವಲ್ದವ್ವ. ಯಾರ ಮುಂದೂ ಹೇಳಬ್ಯಾಡ. ಗೊತ್ತಾದ್ರ ನೌಕರಿ ಹೊಕ್ಕೈತಿ."

ಕೆಲವು ದಿನಗಳಲ್ಲೇ ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ಹೊರಗೆ ಜಿನುಗು ಮಳೆ ನಿಂತು, ಆಕಾಶ ಬೂದಿಯಂತೆ ಬಿದ್ದುಕೊಂಡಿತ್ತು. ಎಂದಿನ ಪ್ರಶ್ನೆ ಬಂತು.

"ಕಾಮನಬಿಲ್ಲ ಮೂಡೈತ್ರಿ ಸರ್ರ," ಎಂದೆ.

ಸಾಹೇಬರ ಮುಂದೆ ದೊಡ್ಡ ಕತೆ ಬರಲಿ ಎಂಬ ಆಸೆಯೋ, ಗುಟ್ಟು ನನ್ನ ಕೈಯಲ್ಲಿದೆ ಎಂಬ ಸೊಕ್ಕೋ, ಇವತ್ತಿಗೂ ಬಗೆಹರಿದಿಲ್ಲ. ಮಾಸ್ತರರು ಕಾಮನಬಿಲ್ಲಿನ ಮೇಲೆ ನಡೆದುಹೋದ ಅಣ್ಣತಂಗಿಯರ ಕತೆ ಹೇಳಿದರು. ಅಷ್ಟು ಚೆನ್ನಾಗಿ ಅವರು ಎಂದೂ ಹೇಳಿರಲಿಲ್ಲ. ಕೊನೆಗೆ ಬರಿದಾದ ಆಕಾಶದತ್ತ ಕೈ ಚಾಚಿದರು: "ಅಕಾ, ಆ ಬಣ್ಣ ನೋಡ್ಕೊಂತ ಬರೀರಿ."

ಮಕ್ಕಳು ನಕ್ಕರು. ಸಾಹೇಬರು ನಗಲಿಲ್ಲ. ಮುಂದಿನ ತಿಂಗಳು ಮಾಸ್ತರರು ಶಾಲೆಯಲ್ಲಿರಲಿಲ್ಲ.

ಕಾಮನಬಿಲ್ಲಿನ ಆ ಸುಳ್ಳು ಹೇಳಿದವಳು ಗಿರಿಜಾ ಎಂದೇ ನಾನು ವರ್ಷಗಟ್ಟಲೆ ಹೇಳುತ್ತ ಬಂದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಆದರೆ ಗಿರಿಜಾ ಅಂದು ಶಾಲೆಗೇ ಬಂದಿರಲಿಲ್ಲ. ಮನೆಯವರೊಡನೆ ಕದರಮಂಡಲಗಿಗೆ ಹೋಗಿದ್ದಳು.

ಓದು ಮುಗಿದ ವರ್ಷ, ಕ್ಷಮೆ ಕೇಳಲೆಂದೇ ಹಲಗೇರಿಯಲ್ಲಿ ಮಗಳ ಮನೆಯಲ್ಲಿದ್ದ ಮಾಸ್ತರರ ಬಳಿಗೆ ಹೋದೆ. ಅವರ ಕಣ್ಣು ಪೂರ್ತಿ ಹೋಗಿತ್ತು.

"ಯಾರವ್ವ?"

"ಗಿರಿಜಾರಿ ಸರ್ರ, ಬ್ಯಾಡಗಿಯಾಕಿ," ಎಂದುಬಿಟ್ಟೆ.

"ಬಾ, ಕುಂದರು. ನಿನ್ನ ಬಾಜೂ ಶಾಂತಾ ಅಂತ ಒಬ್ಬಾಕಿ ಇದ್ಲಲ್ಲ, ಆಕೀ ಬರ್ತಾಳಂತ ಭಾಳ ದಿನ ದಾರಿ ನೋಡಿದೆ. ಬರಲಿಲ್ಲ ನೋಡು."

"ಆಕೀ ದೂರ ಅದಾಳ್ರಿ," ಎಂದೆ. ನನ್ನ ದನಿ ಅವರಿಗೆ ಗುರುತಾಗಿತ್ತೇ? ಗೊತ್ತಿಲ್ಲ. ಮಗಳು ಕೊಟ್ಟ ಚಹಾ ಕುಡಿದು ಎದ್ದುಬಂದೆ.

ಮರುವರ್ಷ ಮಾಸ್ತರರು ತೀರಿಕೊಂಡರು. ಮಣ್ಣಿಗೆ ಬರಬೇಕೆಂದು ಮಗಳು ಬ್ಯಾಡಗಿಗೆ ಹೇಳಿಕಳಿಸಿದ್ದು ಗಿರಿಜಾಳಿಗೆ. ನನಗಲ್ಲ.